ಹೊನ್ನವ್ವನ ಬಲಗಾಲು

ಕುವೈತಿನ ಖೈತಾನ್ ಬಡಾವಣೆಯ ಆ ಮನೆಯಲ್ಲಿ ಕಾರಿನ ಕೀಲಿಗೆಂದೇ ಒಂದು ಮೊಳೆ ಇದೆ. ಬಾಗಿಲ ಪಕ್ಕದಲ್ಲಿ, ಕೈಗೆ ಸಿಗುವ ಎತ್ತರದಲ್ಲಿ. ಹೊನ್ನವ್ವ ಹೊರಗಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಕೀಲಿಯನ್ನು ಅದಕ್ಕೆ ಸಿಕ್ಕಿಸುತ್ತಾಳೆ. ಅಕ್ಟೋಬರಿನ ಆ ಗುರುವಾರ ಸಂಜೆ ಮೊಳೆ ಬರಿದಾಗಿತ್ತು.

“ಕೀಲಿ ಎಲ್ಲೈತ್ರಿ?”

“ನನ್ನ ಹತ್ರ ಐತಿ,” ಎಂದ ಗಂಡ ಮಲಕಾಜಪ್ಪ, ಅಂಗಿಯ ಕಿಸೆಯನ್ನು ಮುಟ್ಟಿ ನೋಡಿಕೊಂಡು.

“ಯಾಕ?”

“ಯಾಕ ಅಂತ ನಾ ನಿನ್ನ ಕೇಳಬೇಕು. ಯಾಕ ನಿಲ್ಲಿಸಿದಿ?”

ಹೊನ್ನವ್ವ ಬರಿ ಮೊಳೆಯತ್ತ ತಿರುಗಿದಳು. ಐವತ್ನಾಲ್ಕು ವರ್ಷದ ಬಾಳಿನಲ್ಲಿ ಅವಳು ಮಾತಿಗೆ ಮಾತು ಕೊಡದೆ ನಿಂತ ಸಂದರ್ಭಗಳು ಕಡಿಮೆ.

ನಡೆದದ್ದು ಇಷ್ಟು. ಅಂದು ಮಧ್ಯಾಹ್ನ ಇಬ್ಬರೂ ಫರ್ವಾನಿಯಾದ ಅಂಗಡಿಗಳಿಂದ ಮನೆಗೆ ಬರುತ್ತಿದ್ದರು. ಹೊನ್ನವ್ವ ಓಡಿಸುತ್ತಿದ್ದಳು. ಮಲಕಾಜಪ್ಪ ಪಕ್ಕದ ಸೀಟಿನಲ್ಲಿ ಕೂತು, ಒಂದು ವಾರದಿಂದ ಗಡಗಡ ಎನ್ನುತ್ತಿದ್ದ ಏಸಿ ಕಿಂಡಿಯನ್ನು ಬೈಯುತ್ತಿದ್ದ. ರಸ್ತೆ ನೇರವಾಗಿತ್ತು, ಮುಂದಿನ ಕಾರು ಬಹಳ ದೂರದಲ್ಲಿತ್ತು. ಸಿಗ್ನಲ್ ಇರಲಿಲ್ಲ, ಅಡ್ಡ ಬಂದವರೂ ಇರಲಿಲ್ಲ. ಅಂಥ ಖಾಲಿ ರಸ್ತೆಯ ನಡುವೆ ಹೊನ್ನವ್ವನ ಬಲಗಾಲು ಬ್ರೇಕಿನ ಮೇಲೆ ಬಿತ್ತು. ಪೂರ್ತಿಯಾಗಿ ಬಿತ್ತು. ಹಿಂದೆ ಬರುತ್ತಿದ್ದ ಪಿಕಪ್ ಬಂಪರಿಗೆ ಗುದ್ದಿತು. ಹಿಂದಿನ ಸೀಟಿನ ಚೀಲದಿಂದ ಉಳ್ಳಾಗಡ್ಡಿ ಉರುಳಿ ಮುಂದಕ್ಕೆ ಬಂದವು.

ಯಾರಿಗೂ ಪೆಟ್ಟಾಗಲಿಲ್ಲ. ಪಿಕಪ್‌ನವನು ಇಳಿದು ಬಂದು ಖಾಲಿ ರಸ್ತೆಯನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, ಎರಡೂ ಕೈ ಮೇಲೆತ್ತಿ ಅರಬ್ಬಿಯಲ್ಲಿ ಕೇಳಿದ: “ಲೇಶ್, ಮಾಮಾ? ಲೇಶ್?” ಯಾಕಮ್ಮಾ, ಯಾಕೆ?

“ಮುಂದ ಏನೋ ಬಂದಂಗಾತು,” ಎಂದಳು ಹೊನ್ನವ್ವ ಗಂಡನಿಗೆ. ಹೇಳುವಾಗಲೇ ಅದು ನಿಜವಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಲು ಮೊದಲು ಹೋಗಿತ್ತು. ಕಾರಣವನ್ನು ಅವಳು ಆಮೇಲೆ ಹುಡುಕಿದ್ದಳು.

ಪೊಲೀಸರ ಪ್ರಕಾರ ತಪ್ಪು ಹಿಂದಿನಿಂದ ಗುದ್ದಿದವನದು. ಮನೆಯವರ ಪ್ರಕಾರ ಹೊನ್ನವ್ವನದು.

“ವಯಸ್ಸಾತು,” ಎಂದ ಮಲಕಾಜಪ್ಪ. “ನನಗೂ ಆಗೇತಿ. ತಪ್ಪೇನಿಲ್ಲ. ರಮೀಝ್‌ಗ ಫೋನ್ ಮಾಡೀನಿ. ನಾಳೆ ಬಿಟ್ಟು ಮುಂದಿನ ಶುಕ್ರವಾರ ಬಂದು ಗಾಡಿ ನೋಡ್ತಾನ.”

ರಮೀಝ್ ಹಳೆಯ ಕಾರು ಕೊಂಡು ಮಾರುವವನು, ಮಂಗಳೂರು ಕಡೆಯವನು.

“ನನ್ನ ಕೇಳದ ನನ್ನ ಗಾಡಿ ಮಾರ್ತೀರಿ?”

“ಗಾಡಿ ನನ್ನ ಹೆಸರಿನ್ಯಾಗ ಐತಿ.”

“ಹೆಸರಿನ್ಯಾಗ ಐತಿ. ಸೀಟಿನ್ಯಾಗ ಯಾರ ಬೆನ್ನಿನ ಗುರುತು ಐತಿ, ಹೋಗಿ ನೋಡ್ರಿ.”

ಮಾತು ನಿಜ. ಮಲಕಾಜಪ್ಪ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕೆಲಸಕ್ಕೆ ಕಂಪನಿಯ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಕಾರು ಇಪ್ಪತ್ತು ವರ್ಷದಿಂದ ಹೊನ್ನವ್ವನ ಕೈಯಲ್ಲೇ ಇದೆ. ಅವಳು ಇಂಡಿಯನ್ ಶಾಲೆಗಳ ವಾರ್ಷಿಕೋತ್ಸವಕ್ಕೆ ಮಕ್ಕಳ ವೇಷದ ಬಟ್ಟೆ ಹೊಲಿಯುತ್ತಾಳೆ. ಬಟ್ಟೆ ತರಲು ಹೋಗುವುದು, ಹೊಲಿದ ಸಿಂಹಗಳನ್ನೂ ನವಿಲುಗಳನ್ನೂ ಹಿಂದಿನ ಸೀಟಿನಲ್ಲಿ ಒಟ್ಟಿಕೊಂಡು ಶಾಲೆಗೆ ಮುಟ್ಟಿಸುವುದು ಎಲ್ಲವೂ ಅದೇ ಕಾರಿನಲ್ಲಿ. ಕಾರು ಹೋದರೆ ಅವಳ ಹೊಲಿಗೆಯೂ ಹೋಗುತ್ತದೆ. ಗಂಡ ಬರುವ ತನಕ, ಮಗ ಬಿಡುವಾಗುವ ತನಕ, ಟ್ಯಾಕ್ಸಿ ಸಿಗುವ ತನಕ ಕಾಯುವ ಹೆಂಗಸಾಗಬೇಕಾಗುತ್ತದೆ. ಕಾಯುವುದು ಅವಳ ಜಾಯಮಾನದಲ್ಲಿ ಇಲ್ಲ.

ಹೊನ್ನವ್ವ ಗುಳೇದಗುಡ್ಡದವಳು. ತಂದೆಯದು ಖಣ ನೇಯುವ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ, ಮೇಲೆ ಕೈಯಿಂದ ಲಾಳಿ ಓಡಿಸಬೇಕು. ಯಾವ ಕಾಲು ಯಾವಾಗ ತುಳಿಯಬೇಕು ಎಂದು ನೇಯುವವರು ಯೋಚಿಸುವುದಿಲ್ಲ. ಯೋಚಿಸಿದರೆ ಎಳೆ ತಪ್ಪುತ್ತದೆ. ಹೊನ್ನವ್ವ ಹುಡುಗಿಯಾಗಿದ್ದಾಗಲೇ ಆ ಕೆಲಸವನ್ನು ಕಾಲಿಗೆ ಕಲಿಸಿದ್ದಳು.

ಮದುವೆಯಾಗಿ ಕುವೈತಿಗೆ ಬಂದ ಮೇಲೆ ಅವಳಿಗೆ ಕಾರು ಕಲಿಸಿದವನು ಮಲಕಾಜಪ್ಪನೇ. ಆ ಕಾಲದಲ್ಲಿ ಅವನನ್ನು ಹೊಗಳಿದವರಿಗಿಂತ ನಕ್ಕವರು ಹೆಚ್ಚು. ಅದನ್ನು ಅವಳು ಇಂದಿಗೂ ಒಪ್ಪುತ್ತಾಳೆ, ಜಗಳದ ನಡುವೆಯೂ. ಶುಕ್ರವಾರ ಬೆಳಿಗ್ಗೆ ಅರ್ದಿಯಾದ ಗೋದಾಮುಗಳ ನಡುವಿನ ಖಾಲಿ ಜಾಗಕ್ಕೆ ಕರೆದೊಯ್ದು ಕಲಿಸುತ್ತಿದ್ದ. ಅವನು ಐಟಿಐ ಓದುವಾಗ ರಜೆಯಲ್ಲಿ ಬಾಗಲಕೋಟೆಯ ಸೋದರಮಾವನ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಲಾರಿಯ ಕ್ಲೀನರು ಡ್ರೈವರಿಗೆ ಬಾಯಿಂದ ಹೇಳುವುದು ಕಡಿಮೆ, ಅಂಗೈಯಿಂದ ಹೇಳುವುದು ಹೆಚ್ಚು. ಲಾರಿಯ ಮೈಗೆ ಒಂದು ಬಡಿತ ಬಿದ್ದರೆ ನಿಲ್ಲಬೇಕು, ಎರಡು ಬಿದ್ದರೆ ಹೊರಡಬೇಕು. ಹೆಂಡತಿಗೆ ಕಲಿಸುವಾಗಲೂ ಮೊದಲ ವಾರ ಕೂಗಿ ಕೂಗಿ ಗಂಟಲು ಕೆಟ್ಟ ಮೇಲೆ ಅವನು ತನ್ನ ಹಳೆಯ ಭಾಷೆಗೇ ಮರಳಿದ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಪಟ್ ಎಂದರೆ ಅವಳ ಕಾಲು ಬ್ರೇಕಿಗೆ ಹೋಗಬೇಕು. ತಿಂಗಳುಗಟ್ಟಲೆ ಹಾಗೆಯೇ ನಡೆಯಿತು. ಲೈಸೆನ್ಸು ಸಿಕ್ಕಿದ ಮೇಲೂ ಕೆಲವು ವರ್ಷ ಪಕ್ಕದಲ್ಲಿ ಕೂತಾಗಲೆಲ್ಲ ಬಡಿಯುತ್ತಿದ್ದ. ಬರಬರುತ್ತ ಬಿಟ್ಟುಬಿಟ್ಟ. ಅವಳು ಒಬ್ಬಳೇ ಓಡಾಡುವುದು ಹೆಚ್ಚಾಯಿತು, ಇಬ್ಬರೂ ಅದನ್ನು ಮರೆತರು.

ಲೈಸೆನ್ಸು ಕೈಗೆ ಬಂದ ದಿನ ಅವಳು ಯಾರಿಗೂ ಹೇಳದೆ ಸಮುದ್ರದ ತನಕ ಹೋಗಿ ಬಂದಿದ್ದಳು. ತಾನೇ ತನ್ನನ್ನು ಸಮುದ್ರಕ್ಕೆ ಕರೆದೊಯ್ದದ್ದು ಅಂದೇ ಮೊದಲು. ಹತ್ತು ನಿಮಿಷ ನೋಡಿ, “ಆತು, ನೋಡಿದೆ,” ಎಂದು ನೀರಿಗೇ ಹೇಳಿ ವಾಪಸು ಬಂದಳಂತೆ.

ಮರುದಿನ ಶುಕ್ರವಾರ. ಮಗ ಅಭಿನಂದನ ಮನೆಯಲ್ಲಿದ್ದ. ಅವನು ಎಂಜಿನಿಯರ್, ಇಪ್ಪತ್ತಾರು ವರ್ಷ, ಎಲ್ಲದಕ್ಕೂ ಒಂದು ಅಳತೆ ಇದೆ ಎಂದು ನಂಬಿದವನು. ತಂದೆ ತಾಯಿ ಒಂದೇ ಮಾತನ್ನು ನಾಲ್ಕನೇ ಸಲ ಆಡುವುದನ್ನು ಕೇಳಿ ಅವನಿಗೆ ಸಾಕಾಯಿತು.

“ಜಗಳ ಯಾಕ? ಟೆಸ್ಟ್ ಮಾಡೂಣು. ಡೇಟಾ ಹೇಳತೈತಿ.”

ಅವನ ಹತ್ತಿರ ಕಾರ್ ರೇಸಿನ ಆಟಕ್ಕೆಂದು ಕೊಂಡ ಸ್ಟೀರಿಂಗೂ ಪೆಡಲೂ ಇದ್ದವು. ಪೆಡಲನ್ನು ಊಟದ ಮೇಜಿನ ಕೆಳಗೆ ಇಟ್ಟ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದ. ಅಷ್ಟರಲ್ಲಿ ಎದುರು ಮನೆಯ ಜೂಲಿಯಾನಾ ಒಂದು ತಟ್ಟೆ ಸಣ್ಣ ಕೇಕು ಹಿಡಿದು ಬಂದಳು. ಅವಳು ಮಂಗಳೂರಿನ ಕಥೋಲಿಕ್ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್. ಬಸ್ಸು ತಪ್ಪಿದ ದಿನಗಳಲ್ಲಿ ಹೊನ್ನವ್ವನೇ ಅವಳನ್ನು ಡ್ಯೂಟಿಗೆ ಬಿಟ್ಟು ಬರುವುದು.

“ಎಂತ ಮಾರಾಯ್ತಿ, ಮೇಜಿನಡಿಯಲ್ಲಿ ಹೊಲಿಗೆ ಮಿಷನ್ ಇಟ್ಟದ್ದಾ?”

“ನನ್ನ ಹಣೆಬಾರ ಹೊಲಿಯಾಕ ಹತ್ಯಾರ, ಜೂಲಿ. ಕೂಡು. ನೀನೂ ನೋಡು.”

ಅಭಿನಂದನ ವಿವರಿಸಿದ. “ಅವ್ವಾ, ಸಿಂಪಲ್. ಸ್ಕ್ರೀನ್ ಕಪ್ಪಗ ಇರ್ತೈತಿ. ಕೆಂಪು ಚಕ್ರ ಬಂದ ಕೂಡ್ಲೆ ಪೆಡಲ್ ಒತ್ತು. ಅದು ಯಾವಾಗ ಬರ್ತೈತಿ ಅಂತ ಹೇಳಾಂಗಿಲ್ಲ.”

“ಒತ್ತಿದ್ರ ಏನ್ ಸಿಗತೈತಿ?”

“ರಿಯಾಕ್ಷನ್ ಟೈಮ್ ಸಿಗತೈತಿ.”

“ಕೀಲಿ ಸಿಗತೈತೇನು?”

ಮಗ ತಂದೆಯ ಮುಖ ನೋಡಿದ. ಮಲಕಾಜಪ್ಪ ಹೇಳಿದ: “ಚಲೋ ಬಂದ್ರ ಕೀಲಿ ನಿಂದು. ಬರಲಿಲ್ಲಂದ್ರ ರಮೀಝ್‌ಂದು.”

“ಹಂಗಾರ ಮೊದಲ ನೀವಿಬ್ರೂ ಒತ್ರಿ. ಗಂಡಸರ ಕಾಲೂ ಎಷ್ಟು ಚುರುಕ ಅದಾವ ನೋಡೂಣು.”

ಇಂಥ ಪರೀಕ್ಷೆ ನೋಡಲು ಏನೂ ಅಲ್ಲ ಎನ್ನುವಂತಿರುತ್ತದೆ. ಒಬ್ಬರು ಕೂತಿರುತ್ತಾರೆ, ಕೆಂಪು ಕಾಣುತ್ತದೆ, ಒತ್ತುತ್ತಾರೆ. ಆದರೆ ಅಷ್ಟಕ್ಕೆ ಹಿಡಿಯುವ ಕಾಲು ಸೆಕೆಂಡಿನಲ್ಲಿ ದೇಹದೊಳಗೆ ದೊಡ್ಡ ಪ್ರಯಾಣವೇ ನಡೆಯುತ್ತದೆ. ಬೆಳಕು ಕಣ್ಣಿನ ಹಿಂಪರದೆಗೆ ಬಿದ್ದು ರಾಸಾಯನಿಕ ಕ್ರಿಯೆಯಾಗಿ, ಅಲ್ಲಿಂದ ನರಗಳ ಸಂಕೇತವಾಗಿ ತಲೆಯ ಹಿಂಭಾಗಕ್ಕೆ ಹೋಗಬೇಕು. ಇದು ಕೆಂಪು, ಈಗ ಒತ್ತಬೇಕು ಎಂಬ ತೀರ್ಮಾನವಾಗಬೇಕು. ಆ ಆಜ್ಞೆ ಬೆನ್ನುಹುರಿಯ ಉದ್ದಕ್ಕೂ ಇಳಿದು ಕಾಲಿನ ಸ್ನಾಯು ಮುಟ್ಟಬೇಕು. ಕೈಗಿಂತ ಕಾಲಿಗೆ ದಾರಿ ದೂರ, ಆದ್ದರಿಂದ ಕಾಲು ತುಸು ತಡ. ಕಾಯುವ ಹೊತ್ತಿನಲ್ಲಿ ಇನ್ನೂ ಒಂದು ಸಂಗತಿ ನಡೆಯುತ್ತದೆ. ಸಂಕೇತ ಇನ್ನೇನು ಬರುತ್ತದೆ ಎನ್ನುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಬೇಟೆಗೆ ಹೊಂಚಿ ಕೂತ ಬೆಕ್ಕಿನಂತೆ ಇಡೀ ದೇಹ ಸದ್ದಡಗಿ ಕೂಡುತ್ತದೆ.

ಅಭಿನಂದನನ ಸರಾಸರಿ ಕಾಲು ಸೆಕೆಂಡಿಗೆ ಹತ್ತಿರ ಬಂತು. ಮಲಕಾಜಪ್ಪನದು ಅದಕ್ಕಿಂತ ತುಸು ಹೆಚ್ಚು. ಹೊನ್ನವ್ವ ಕೂತಳು. ಸೀರೆಯನ್ನು ಮೊಣಕಾಲಿನ ಬಳಿ ಸರಿಮಾಡಿಕೊಂಡು, ತುಟಿ ಬಿಗಿದು, ಪರದೆಯನ್ನು ಶತ್ರುವಿನಂತೆ ದಿಟ್ಟಿಸಿದಳು. ಕೆಂಪು ಬಂತು. ಅವಳು ಅದು ಕೆಂಪೇ ಹೌದು ಎಂದು ಖಚಿತಪಡಿಸಿಕೊಂಡು ಒತ್ತಿದಳು. ಮತ್ತೆ ಬಂತು. ಮತ್ತೆ ಖಚಿತಪಡಿಸಿಕೊಂಡು ಒತ್ತಿದಳು.

“ಅವ್ವಾ, ವಿಚಾರ ಮಾಡಬ್ಯಾಡ. ಒತ್ತು.”

“ವಿಚಾರ ಮಾಡದ ಒತ್ತಿದ್ದಕ್ಕ ನಿಮ್ಮಪ್ಪ ಕೀಲಿ ಕಸಗೊಂಡಾರ. ಈಗ ವಿಚಾರ ಮಾಡಿದ್ರ ನೀ ಬೈತಿ.”

ಜೂಲಿಯಾನಾ ಕೇಕು ಬಾಯಲ್ಲಿಟ್ಟುಕೊಂಡೇ ನಕ್ಕಳು. ತಪ್ಪಬಾರದು ಎಂದು ಹೊರಟವರು ನಿಧಾನವಾಗುತ್ತಾರೆ, ಬೇಗ ಆಗಬೇಕು ಎಂದು ಹೊರಟವರು ತಪ್ಪುತ್ತಾರೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂದು ಮೆದುಳು ಪ್ರತಿ ಸಲವೂ ಒಂದು ರಾಜಿ ಮಾಡಿಕೊಳ್ಳುತ್ತದೆ. ಹಿಂದಿನ ದಿನ ಬಿದ್ದ ಗುದ್ದಿನ ನಂತರ ಹೊನ್ನವ್ವನ ಮೆದುಳು ಪೂರ್ತಿ ಎಚ್ಚರದ ಕಡೆಗೇ ವಾಲಿತ್ತು. ಅವಳ ಸರಾಸರಿ ಅರ್ಧ ಸೆಕೆಂಡಿನ ಹತ್ತಿರ ಬಂದು ನಿಂತಿತು.

ಅಭಿನಂದನ ಮೆಲ್ಲಗೆ ಹೇಳಿದ: “ಸ್ವಲ್ಪ ಸ್ಲೋ ಐತಿ, ಅವ್ವಾ.”

“ನಿನ್ನ ಕೆಂಪು ಚಕ್ರ ರಸ್ತ್ಯಾಗ ಎಲ್ಲಿ ಬರ್ತೈತಿ, ತೋರಿಸು. ಇನ್ನೊಮ್ಮೆ ಹಚ್ಚು. ನಾ ಇನ್ನ ಎದ್ದಿಲ್ಲ.” ಅಭಿನಂದನ ಮತ್ತೆ ಶುರು ಮಾಡಿದ.

“ಸಾಕಾತಲ್ಲ! ಮುಗೀತು!” ಎಂದು ಮಲಕಾಜಪ್ಪ ಗೆದ್ದವನ ಹುಮ್ಮಸ್ಸಿನಲ್ಲಿ ಅಂಗೈಯಿಂದ ಮೇಜಿಗೆ ಪಟ್ಟೆಂದು ಬಡಿದ.

ಲ್ಯಾಪ್‌ಟಾಪು ಟುಂಯ್ ಎಂದಿತು. ಸಂಕೇತ ಬರುವ ಮೊದಲೇ ಪೆಡಲ್ ಒತ್ತಿದರೆ ಅದು ಹಾಗೆ ಸದ್ದು ಮಾಡುತ್ತದೆ. ಪರದೆ ಕಪ್ಪಗೇ ಇತ್ತು.

“ಯಾಕ ಒತ್ತಿದಿ, ಅವ್ವಾ?”

“ನಾ ಎಲ್ಲಿ ಒತ್ತಿದೆ?”

ಅಭಿನಂದನ ಬಗ್ಗಿ ಮೇಜಿನ ಕೆಳಗೆ ನೋಡಿದ. ತಾಯಿಯ ಬಲಗಾಲು ಪೆಡಲನ್ನು ತಳಮಟ್ಟ ಒತ್ತಿ ಹಿಡಿದಿತ್ತು. ಅವನು ನಿಧಾನವಾಗಿ ತಲೆ ಎತ್ತಿ ತಂದೆಯ ಅಂಗೈಯನ್ನು ನೋಡಿದ. ಅದು ಇನ್ನೂ ಮೇಜಿನ ಮೇಲೆಯೇ ಇತ್ತು.

ಅಭಿನಂದನ ಲ್ಯಾಪ್‌ಟಾಪಿನಲ್ಲಿ ಏನೋ ಬದಲಿಸಿದ. ಅದರ ಮೈಕು ಸದ್ದು ಕೇಳಿದ ಕ್ಷಣವನ್ನೂ ಹಿಡಿದಿಡುವ ಹಾಗೆ ಮಾಡಿದ. “ಅವ್ವಾ, ಮತ್ತ ಕೆಂಪು ನೋಡು,” ಎಂದ. ತಂದೆಗೆ ಅವಳ ಬೆನ್ನ ಹಿಂದಿನಿಂದ ಸನ್ನೆ ಮಾಡಿದ. ಕೆಂಪು ಎರಡು ಸಲ ಬಂತು, ಅವಳು ತನ್ನ ಗತಿಯಲ್ಲೇ ಒತ್ತಿದಳು. ಮೂರನೆಯ ಸಲ ಕಪ್ಪು ಪರದೆಯ ನಡುವೆ ಮಲಕಾಜಪ್ಪ ಮೇಜಿಗೆ ಬಡಿದ.

ಟುಂಯ್.

ಅಭಿನಂದನ ಅಂಕಿಯನ್ನು ಎರಡು ಸಲ ನೋಡಿದ. “ನನ್ನಕಿಂತ ಫಾಸ್ಟ್,” ಎಂದ. “ಅವ್ವಾ, ಈ ಬಡಿತಕ್ಕ ನಿನ್ನ ಕಾಲು ನನ್ನ ಕಾಲಿಗಿಂತ ಫಾಸ್ಟ್ ಐತಿ.”

ಸದ್ದಿಗೆ ದೇಹ ಬೆಳಕಿಗಿಂತ ಬೇಗ ಸ್ಪಂದಿಸುತ್ತದೆ. ಕಣ್ಣಿನಲ್ಲಿ ನಡೆಯುವ ರಾಸಾಯನಿಕ ಕೆಲಸಕ್ಕೆ ಸಮಯ ಬೇಕು. ಕಿವಿಯ ಕೆಲಸ ಬಹುಪಾಲು ಯಾಂತ್ರಿಕ, ಅಲ್ಲಿ ತಡ ಕಡಿಮೆ. ಅದರ ಮೇಲೆ, ಸಾವಿರಾರು ಸಲ ಒಂದೇ ಸಂಕೇತಕ್ಕೆ ಒಂದೇ ಉತ್ತರ ಕೊಟ್ಟು ರೂಢಿಯಾದರೆ ಮೆದುಳು ನಡುವಿನ ತೀರ್ಮಾನದ ಹಂತಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ಸಂಕೇತದಿಂದ ಕಾಲಿಗೆ ಒಂದು ಸವೆದ ಕಾಲುದಾರಿ ಬಿದ್ದುಬಿಟ್ಟಿರುತ್ತದೆ. ಅದರಲ್ಲಿ ವರ್ಷಗಟ್ಟಲೆ ಯಾರೂ ಓಡಾಡದಿದ್ದರೂ ಅದು ಮುಚ್ಚಿಹೋಗಿರುವುದಿಲ್ಲ.

ಮಲಕಾಜಪ್ಪ ಕುರ್ಚಿಯಲ್ಲಿ ಕೂತ. “ನಿನ್ನೆ...” ಎಂದ. “ಆ ಕಿಂಡಿ ಗಡಗಡ ಅಂತಿತ್ತು. ಒಂದು ಏಟು ಕೊಟ್ಟಿದ್ನೇನೋ.”

“ಏನೋ ಏನು? ಕೊಟ್ರಿ,” ಎಂದಳು ಹೊನ್ನವ್ವ. ಅವಳಿಗೂ ಆಗಲೇ ನೆನಪಾದದ್ದು. “ಕೊಟ್ರಿ. ಆಮೇಲೆ ಗಡಗಡ ನಿಂತಿತ್ತು. ಗಾಡೀನೂ ನಿಂತಿತ್ತು.”

ಜೂಲಿಯಾನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ದೇವರೇ! ನಾನು ಗ್ರಹಿಸಿದ್ದು ಹೊನ್ನಕ್ಕನಿಗೆ ತಲೆ ತಿರುಗಿತು ಅಂತ. ಇದು ನೋಡಿದ್ರೆ ಮಲಕಾಜಪ್ಪಣ್ಣನ ಕೈ ತಿರುಗಿದ್ದು.”

ಎಲ್ಲರೂ ಹೊನ್ನವ್ವ ನಗುತ್ತಾಳೆ ಎಂದುಕೊಂಡರು. ತಲೆ ಕೆಟ್ಟಿಲ್ಲ, ಕಣ್ಣು ಹೋಗಿಲ್ಲ ಎಂದು ಗೊತ್ತಾದ ಮೇಲೆ ಯಾರಾದರೂ ನಗುತ್ತಾರೆ. ಅವಳು ನಗಲಿಲ್ಲ. ತನ್ನ ಬಲಗಾಲನ್ನು ಪೆಡಲಿನಿಂದ ಎತ್ತಿ, ಅದು ಬೇರೆ ಯಾರದೋ ವಸ್ತು ಎನ್ನುವಂತೆ ಎದುರಿಗೆ ಚಾಚಿ ನೋಡಿದಳು.

“ಮಗ್ಗದಾಗ ಇದು ನನ್ನ ಮಾತ ಕೇಳತಿತ್ತು,” ಎಂದಳು. “ಇಪ್ಪತ್ತು ವರ್ಷ ನನ್ನ ಕಾಲು ನಿಮ್ಮ ಅಂಗೈಯಾಗ ಇಟ್ಗೊಂಡು ಕುಂತೀರಿ. ನಿನ್ನೆ ಕೀಲೀನೂ ಇಟ್ಗೊಂಡ್ರಿ. ಎರಡೂ ಕೊಡ್ರಿ.”

“ನಾ ಏನ್ ಬೇಕಂತ ಮಾಡೀನೇನ? ಕಲಿಸಾಕ ಬಡದೆ.”

“ಕಲಸ್ರಿ, ಬ್ಯಾಡ ಅಂದಿಲ್ಲ. ಕಲ್ತ ಮ್ಯಾಲೆ ವಾಪಸ್ ಕೊಡಬೇಕಾಗಿತ್ತು.”

ಮಲಕಾಜಪ್ಪ ಹಟ ಬಿಡಲಿಲ್ಲ. ಅವನ ವಾದದಲ್ಲಿ ತಪ್ಪು ಹುಡುಕುವುದೂ ಸುಲಭವಿರಲಿಲ್ಲ: ಕಾರಣ ಯಾವುದೇ ಇರಲಿ, ಅಪಾಯ ಅಪಾಯವೇ. ಇಂದು ತನ್ನ ಕೈ, ನಾಳೆ ಪಕ್ಕದ ಕಾರಿನ ಬಾಗಿಲು ಹಾಕಿದ ಸದ್ದು. ಅಭಿನಂದನ ಒಪ್ಪಿದ. “ಅಪ್ಪ ಹೇಳೂದು ಕರೆಕ್ಟ್ ಐತಿ, ಅವ್ವಾ. ಹ್ಯಾಬಿಟ್ ಅಳಿಸಿ ಹಾಕಾಕ ಬರಾಂಗಿಲ್ಲ. ಅದರ ಮ್ಯಾಲೆ ಬೇರೆ ಹ್ಯಾಬಿಟ್ ಕೂಡಿಸಬೇಕು. ಅಷ್ಟ.”

“ಕೂಡಸ್ತೀನಿ. ರಮೀಝ್ ಬರೂದು ಮುಂದಿನ ಶುಕ್ರವಾರ. ಅಲ್ಲಿ ತನಕ ನಸುಕಿನ್ಯಾಗ ಎಲ್ಲಾರೂ ಅರ್ದಿಯಾಕ್ಕ ಬರ್ರಿ. ಬಡಿಯೂ ಕೈನೂ ಬರ್ಲಿ.”

“ಯಾಕ?”

“ಕಲಿಸಿದ ಜಾಗಾದಾಗ ಬಿಡಸ್ರಿ.”

ಹೀಗೆ ಶನಿವಾರ ಬೆಳಕು ಹರಿಯುವ ಹೊತ್ತಿಗೆ, ಗುದ್ದಿನಿಂದ ಹಿಂದಿನ ಬಂಪರು ನೆಗ್ಗಿದ ಕಾರು ಅರ್ದಿಯಾದ ಗೋದಾಮುಗಳ ಹಿಂದಿನ ಖಾಲಿ ಜಾಗದಲ್ಲಿ ನಿಂತಿತ್ತು. ಅಲ್ಲಿಯ ತನಕ ಮಲಕಾಜಪ್ಪ ಓಡಿಸಿಕೊಂಡು ಬಂದಿದ್ದ. ಅಲ್ಲಿ ಸ್ಟೀರಿಂಗಿನ ಮುಂದೆ ಹೊನ್ನವ್ವ ಕೂತಳು. ಗಂಡ ಪಕ್ಕದಲ್ಲಿ, ಜೂಲಿಯಾನಾ ಹಿಂದಿನ ಸೀಟಿನಲ್ಲಿ. ಅಭಿನಂದನ ದೂರದಲ್ಲಿ, ಕಾರಿನ ದಾರಿಗೆ ಅಡ್ಡವಾಗದೆ ಬದಿಗೆ ನಿಂತ. ಅವನ ಕೈಯಲ್ಲಿ ಬಕೆಟ್ಟಿನ ಕೆಂಪು ಮುಚ್ಚಳ.

ನಿಯಮ ಅವನದೇ. ಕೆಂಪು ಮುಚ್ಚಳ ಎತ್ತಿದರೆ ಬ್ರೇಕ್ ಹಾಕಬೇಕು. ಅಪ್ಪ ಬಡಿದರೆ ಹಾಕಬಾರದು. ಎರಡೂ ಯಾವಾಗ ಬರುತ್ತವೆ ಎಂದು ಹೇಳುವುದಿಲ್ಲ.

ಮೊದಲ ಬಡಿತಕ್ಕೆ ಕಾರು ಗಕ್ಕನೆ ನಿಂತಿತು. ಎರಡನೆಯದಕ್ಕೂ ನಿಂತಿತು. ಮೂರನೆಯದಕ್ಕೂ. ಪ್ರತಿ ಸಲವೂ ಜೂಲಿಯಾನಾಳ ಹಣೆ ಮುಂದಿನ ಸೀಟಿನ ಹತ್ತಿರ ಬಂದು ಹೋಗುತ್ತಿತ್ತು.

“ನನ್ನನ್ನು ಎಂತಕ್ಕೆ ಕರ್ಕೊಂಡು ಬಂದದ್ದು, ಹೊನ್ನಕ್ಕ? ನರ್ಸ್ ಬೇಕಾಗ್ತದೆ ಅಂತಲಾ?”

“ಸಾಕ್ಷಿಗೆ.”

ಶುರುವಾದ ಚಲನೆಯನ್ನು ತಡೆಯುವುದು ಮೆದುಳಿಗೆ ಬೇರೆಯದೇ ಕೆಲಸ. ಒತ್ತು ಎಂಬ ಆಜ್ಞೆ ಹೊರಟಿರುತ್ತದೆ. ಬೇಡ ಎಂಬ ಆಜ್ಞೆ ಅದರ ಹಿಂದಿನಿಂದ ಓಡಿ ಅದನ್ನು ಸ್ನಾಯುವಿಗಿಂತ ಮೊದಲು ಹಿಡಿಯಬೇಕು. ಆ ಓಟಕ್ಕೂ ಸುಮಾರು ಕಾಲು ಸೆಕೆಂಡು ಬೇಕು. ಹೊನ್ನವ್ವನ ಹಳೆಯ ಕಾಲುದಾರಿ ಅಷ್ಟು ಹೊತ್ತನ್ನೂ ಕೊಡುತ್ತಿರಲಿಲ್ಲ. ಅವಳ ಮೀನಖಂಡ ಸೆಟೆದು ನಡುಗಿತು. ಮುಂಜಾವದ ತಂಪಿನಲ್ಲೂ ಮೇಲ್ದುಟಿಯ ಮೇಲೆ ಬೆವರು ಕೂಡಿತು.

“ಸಾಕ ಇವತ್ತಿಗೆ,” ಎಂದ ಮಲಕಾಜಪ್ಪ. ಬಡಿಯುವವನಿಗೂ ಬೇಸರವಾಗಿತ್ತು. ಹೆಂಡತಿಯ ಕಾಲು ತನ್ನ ಕೈಗೆ ಹಾಗೆ ಕುಣಿಯುವುದನ್ನು ಅಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. “ಬಿಡು ಹೊನ್ನಿ. ನನಗ ನೋಡಾಕ ಆಗವಲ್ದು.”

“ನೋಡ್ರಿ. ಕಣ್ಣು ಬಿಟ್ಟು ನೋಡ್ರಿ. ಬಡೀರಿ.”

ಅವನು ಬಡಿದ. ಕಾರು ನಿಂತಿತು.

ಹೊನ್ನವ್ವನಿಗೆ ಎಲ್ಲಿತ್ತೋ ಸಿಟ್ಟು, ಸ್ಟೀರಿಂಗನ್ನು ಹಿಡಿದೇ ಕಿರುಚಿದಳು: “ಬಡ್ಕೊಳ್ರಿ!”

ಜೂಲಿಯಾನಾ ಬೆಚ್ಚಿದಳು. ದೂರದಲ್ಲಿದ್ದ ಅಭಿನಂದನನಿಗೂ ಅದು ಕೇಳಿಸಿತು. ಅವನು ಓಡಿ ಬಂದು ಕಿಟಕಿಗೆ ಬಗ್ಗಿದ.

“ಅವ್ವಾ, ಹಂಗ ಮಾಡು! ಸುಮ್ನ ತಡ್ಕೊಳ್ಳಾಕ ಹೋಗಬ್ಯಾಡ. ಅಪ್ಪ ಬಡದ ಕೂಡ್ಲೆ ಕಾಲಿನ ಬದ್ಲಿ ಬಾಯಿ ಬಿಡು. ಬಡಿತಕ್ಕ ಉತ್ರ ಬೇಕಲ್ಲ, ಬಾಯಿಂದ ಕೊಡು.”

“ನಿನ್ನವ್ವಗ ಬೈಯಾಕ ಕಲಸ್ತಿ?” ಎಂದ ಮಲಕಾಜಪ್ಪ.

“ಅದನ್ನೇನ್ ಕಲಸಬೇಕಾಗಿಲ್ಲ, ಅಪ್ಪಾ.”

ಹುಡುಗನ ಮಾತಿನಲ್ಲಿ ತಿರುಳಿತ್ತು. ಏನೂ ಮಾಡದಿರುವುದು ಮೆದುಳಿಗೆ ಕಷ್ಟ. ಒಂದರ ಬದಲು ಇನ್ನೊಂದು ಮಾಡುವುದು ಅಷ್ಟು ಕಷ್ಟವಲ್ಲ. ಮುಂದಿನ ಬಡಿತಕ್ಕೆ ಹೊನ್ನವ್ವ “ಬಡ್ಕೊಳ್ರಿ!” ಎಂದಳು, ಆದರೂ ಕಾಲು ಹೋಯಿತು, ಅರ್ಧದಷ್ಟು. ಮರುದಿನ ಮತ್ತೆ ಬಂದರು. ಅದರ ಮರುದಿನವೂ. ಮಲಕಾಜಪ್ಪ ಕಂಪನಿ ಬಸ್ಸು ಹತ್ತುವ ಮುಂಚೆ ಯೂನಿಫಾರಂ ತೊಟ್ಟೇ ಬಂದು ಬಡಿದು ಹೋಗುತ್ತಿದ್ದ. ಗೋದಾಮಿನ ಕಾವಲಿನವನು ಮೊದಲು ಗುಮಾನಿಯಿಂದ ನೋಡಿದ. ಆಮೇಲೆ ಕುರ್ಚಿ ಹಾಕಿಕೊಂಡು ನೋಡಿದ. ವಾರದ ಕೊನೆಯ ಹೊತ್ತಿಗೆ ಬಡಿತ ಬಿದ್ದರೆ ಕಾರಿನೊಳಗೆ ಬೈಗುಳ ಹುಟ್ಟುತ್ತಿತ್ತು, ಕಾರು ಮುಂದೆ ಹೋಗುತ್ತಿತ್ತು. ಕೆಂಪು ಮುಚ್ಚಳ ಎದ್ದರೆ ನಿಲ್ಲುತ್ತಿತ್ತು. ನೂರಕ್ಕೆ ನೂರು ಅಲ್ಲ. ಬುಧವಾರ ಒಂದು ಸಲ ಕಾಲು ಮತ್ತೆ ಹಳೆಯ ದಾರಿ ಹಿಡಿಯಿತು. ಹೊನ್ನವ್ವ ಅದನ್ನು ಮುಚ್ಚಿಡಲಿಲ್ಲ, ಮಗನಿಗೆ ತಾನೇ ಕೂಗಿ ಹೇಳಿದಳು.

ಶುಕ್ರವಾರ ಸಂಜೆ ರಮೀಝ್ ಬಂದ. ತುಂಬು ತೋಳಿನ ಅಂಗಿ, ಕೈಯಲ್ಲಿ ಎರಡು ಫೋನು.

“ಸಲಾಂ ಮಲಕಾಜಪ್ಪಣ್ಣ. ಗಾಡಿ ಎಲ್ಲುಂಟು? ಒಂದು ರೌಂಡ್ ಹೋಗಿ ನೋಡುವನಾ?”

ಮಲಕಾಜಪ್ಪ ಕಿಸೆಗೆ ಕೈ ಹಾಕಿದ. ಕೀಲಿ ತೆಗೆದು ಒಂದು ಕ್ಷಣ ಹಿಡಿದುಕೊಂಡ. ಆಮೇಲೆ ಅದನ್ನು ರಮೀಝ್‌ಗೆ ಕೊಡದೆ ಹೆಂಡತಿಯ ಕಡೆ ಚಾಚಿದ.

“ಆಕಿ ಓಡಸ್ತಾಳ. ಆಕಿನ ತೋರಸ್ತಾಳ.”

“ಒಂದು ಮಾತು,” ಎಂದಳು ಹೊನ್ನವ್ವ ಕೀಲಿ ತೆಗೆದುಕೊಳ್ಳುತ್ತ. “ರಸ್ತ್ಯಾಗ ಒಮ್ಮೆ ತಪ್ಪಿದ್ರೂ ಗಾಡಿ ಇವರಿಗೆ ಕೊಡ್ರಿ. ನಾ ಬಾಯಿ ತೆಗ್ಯಾಂಗಿಲ್ಲ. ತಪ್ಪಲಿಲ್ಲಂದ್ರ ಈ ಮಾತು ಈ ಮನ್ಯಾಗ ಮತ್ತ ಏಳಬಾರ್ದು.”

ಏನು ನಡೆಯುತ್ತಿದೆ ಎಂದು ರಮೀಝ್‌ಗೆ ಅರ್ಥವಾಗಲಿಲ್ಲ. ಗಂಡಹೆಂಡಿರ ನಡುವಿನ ಮಾತಿಗೆ ಅರ್ಥ ಹುಡುಕದಿರುವುದು ಅವನ ವ್ಯಾಪಾರದ ಮೊದಲ ಪಾಠವಿರಬೇಕು. ಅವನು ಮುಂದಿನ ಸೀಟಿನಲ್ಲಿ ಕೂತ. ಮಲಕಾಜಪ್ಪ ಹಿಂದೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಖೈತಾನಿನ ಒಳರಸ್ತೆ ಶುಕ್ರವಾರ ಸಂಜೆ ತುಂಬಿಕೊಂಡಿರುತ್ತದೆ. ಎರಡೂ ಬದಿ ನಿಂತ ಕಾರು, ನಡುವೆ ಜನ. ಹೊನ್ನವ್ವ ಮುಂದಿನ ಕಾರಿನಿಂದ ದೂರ ಉಳಿದುಕೊಂಡೇ ಹೋದಳು. ಬೆಳಕಿಗೆ ತನ್ನ ಕಾಲು ಮಗನ ಕಾಲಿಗಿಂತ ತಡ ಎಂಬುದನ್ನು ಅವಳು ಒಪ್ಪಿಕೊಂಡಿದ್ದಳು. ಸಮಯ ಕಡಿಮೆ ಇರುವವರು ಜಾಗ ಹೆಚ್ಚು ಇಟ್ಟುಕೊಳ್ಳಬೇಕು. ಒಂದು ತಿರುವಿನಲ್ಲಿ ಊಟ ಮುಟ್ಟಿಸುವ ಬೈಕೊಂದು ನಿಂತ ಕಾರುಗಳ ಸಂದಿಯಿಂದ ಅಡ್ಡ ನುಗ್ಗಿತು. ಹೊನ್ನವ್ವ ಬ್ರೇಕ್ ಹಾಕಿದಳು. ಕಾರು ಮೆತ್ತಗೆ ನಿಂತಿತು, ಬೈಕು ದಾಟಿಹೋಯಿತು. ಹಿಂದೆ ಮಲಕಾಜಪ್ಪನ ಬಲಗೈ ತೊಡೆಯ ಕೆಳಗಿನಿಂದ ಅಷ್ಟರಲ್ಲಿ ಹೊರಬಂದಿತ್ತು, ಸೀಟಿಗೆ ಬಡಿಯಲು. ಆದರೆ ಅದು ತಡವಾಗಿತ್ತು. ಅವನು ಅದನ್ನು ಮತ್ತೆ ತೊಡೆಯ ಕೆಳಗೆ ತಳ್ಳಿದ. ಹೊನ್ನವ್ವ ಕನ್ನಡಿಯಲ್ಲಿ ಅದನ್ನು ನೋಡಿದಳು.

“ಬ್ರೇಕ್ ಭಾರೀ ಲಾಯ್ಕುಂಟು,” ಎಂದ ರಮೀಝ್. ಒಳಗಿನ ಪ್ಲಾಸ್ಟಿಕ್ಕನ್ನು ಅಲ್ಲಲ್ಲಿ ಒತ್ತಿ ನೋಡಿದ. ಬಾಗಿಲಿನ ಒಳಮೈ ತಟ್ಟಿದ. ಹಳೆಯ ಕಾರು ಕೊಳ್ಳುವವರ ರೂಢಿ ಅದು. ಕುಂಬಳಕಾಯಿ ಕೊಳ್ಳುವವರ ಹಾಗೆ ತಟ್ಟಿ ನೋಡುತ್ತಾರೆ. ರಸ್ತೆ ಬಿಡುವಾಗಿ ಕಾರು ವೇಗ ಪಡೆಯಿತು. ಹಿಂದೆ ಒಂದು ವ್ಯಾನು ಹತ್ತಿರವೇ ಬರುತ್ತಿತ್ತು.

“ಒಳಗಿನದ್ದು ಎಲ್ಲ ಗಟ್ಟಿಮುಟ್ಟುಂಟು ಅಣ್ಣ,” ಎನ್ನುತ್ತ ರಮೀಝ್ ಹುರುಪಿನಿಂದ ಡ್ಯಾಶ್‌ಬೋರ್ಡಿಗೆ ಅಂಗೈ ಬೀಸಿ ಬಡಿದ. ಪಟ್!

“ಬಡ್ಕೊಳ್ರಿ!”

ಕಾರಿನೊಳಗೆ ಆ ಮಾತು ಗುಂಡಿನಂತೆ ಸಿಡಿಯಿತು. ಹೊನ್ನವ್ವನ ಬಲಗಾಲು ಎದ್ದಿತ್ತು, ಅದು ನಿಜ. ಬ್ರೇಕಿನ ಮೇಲೆ, ಕೂದಲೆಳೆಯಷ್ಟು ಎತ್ತರದಲ್ಲಿ, ತೂಗಿ ನಿಂತಿತು. ಮೀನಖಂಡ ಒಮ್ಮೆ ನಡುಗಿತು. ಆಮೇಲೆ ಅವಳು ಅದನ್ನು ಅಲ್ಲಿಂದ ಎತ್ತಿ, ಬಲಕ್ಕೆ ತಂದು, ಆಕ್ಸಿಲರೇಟರಿನ ಮೇಲೆ ಇಟ್ಟಳು. ಕಾರು ತುಸು ಹಿಂಜರಿದು ಮುಂದುವರಿಯಿತು. ಹಿಂದಿನ ವ್ಯಾನು ಒಮ್ಮೆ ಹಾರ್ನ್ ಹೊಡೆಯಿತು, ಅಷ್ಟೇ.

ರಮೀಝ್ ಕೈಯನ್ನು ಎದೆಗೆ ಹಿಡಿದುಕೊಂಡಿದ್ದ. “ನಾನು ಎಂತ ಮಾಡಿದೆ? ಅಕ್ಕ ನನಗೆ ಎಂತಕ್ಕೆ ಬೈದದ್ದು?”

“ನಿನಗಲ್ಲಪ್ಪ,” ಎಂದ ಮಲಕಾಜಪ್ಪ ಹಿಂದಿನ ಸೀಟಿನಿಂದ. “ನನಗ.”

“ನೀವು ಹಿಂದೆ ಸುಮ್ಮನೆ ಕೂತಿದ್ದೀರಲ್ಲ?”

“ಈಗ ಕುಂತೀನಿ.”

ರಮೀಝ್ ಎರಡೂ ಫೋನುಗಳನ್ನು ಮಡಿಲಲ್ಲಿಟ್ಟುಕೊಂಡು, ಕಾರಿನ ಯಾವ ಭಾಗವನ್ನೂ ಮುಟ್ಟದೆ ಕೂತ. ಕೊನೆಗೆ ಮೆಲ್ಲಗೆ ಕೇಳಿದ: “ಹಾಗಾದ್ರೆ ಗಾಡಿ... ಕೊಡ್ತೀರಾ, ಇಲ್ಲವಾ?”

ಹೊನ್ನವ್ವ ಕನ್ನಡಿಯಲ್ಲಿ ಗಂಡನ ಮುಖ ನೋಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಕೈಗಳು ತೊಡೆಯ ಕೆಳಗೇ ಇದ್ದವು.

“ಇಲ್ರಿ,” ಎಂದಳು. “ಮನಿಗೆ ಹೋಗಿ ಚಾ ಕುಡೀರಿ. ಅದಕ್ಕ ಮುಂಚೆ ಒಂದು ಹತ್ತು ನಿಮಿಷ ನಿಮ್ಮ ಟೈಮ್ ತಗೋತೀನಿ. ಸಮುದ್ರದ ತನಕ ಹೋಗಿ ಬರೂಣು.”

“ಸಮುದ್ರಕ್ಕಾ? ಎಂತಕ್ಕೆ?”

“ಸುಮ್ನ. ಇವರು ನನ್ನ ಸಂಗಾಟ ಅಲ್ಲಿಗೆ ಒಮ್ಮೆನೂ ಬಂದಿಲ್ಲ.”

ಹತ್ತು ನಿಮಿಷ ಎಂದದ್ದು ಸುಳ್ಳು. ಖೈತಾನಿನಿಂದ ಸಮುದ್ರ ಅಷ್ಟು ಹತ್ತಿರವಿಲ್ಲ, ಶುಕ್ರವಾರ ಸಂಜೆಯಂತೂ ಅಲ್ಲವೇ ಅಲ್ಲ. ರಮೀಝ್‌ಗೂ ಅದು ಗೊತ್ತಿತ್ತು. ಆದರೆ ಆ ಹೆಂಗಸಿಗೆ ಎದುರಾಡುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ಅವಳು ಇಂಡಿಕೇಟರ್ ಹಾಕಿ, ಎಡಗನ್ನಡಿ ನೋಡಿ, ಬಲಗಾಲನ್ನು ತಾನೇ ಒತ್ತಿದಳು.